ಎರಡು-ಮೂರು ದಿನದ ನಗರ ಓಡಾಟಕ್ಕೆ ಬೆನ್ನಿಗೆ ಭಾರವೆನಿಸದ ಬ್ಯಾಗ್ ಯಾವುದು?

ದಾರಿಹೋಕ:

ಎರಡು ರಾತ್ರಿ, ಮೂರು ಹಗಲಿನ ನಗರ ಪ್ರವಾಸಗಳಿಗೆಂದೇ ಒಂದು ಬ್ಯಾಗ್ ಕೊಳ್ಳಬೇಕು. ಕೋಣೆ ಸಿಗುವ ಮೊದಲು, ಖಾಲಿ ಮಾಡಿದ ಮೇಲೆ ಐದಾರು ಗಂಟೆ ಅದನ್ನು ಹೊತ್ತೇ ತಿರುಗಬೇಕಾಗುತ್ತದೆ. ಬಸ್ಸು, ಮೆಟ್ರೊ, ಮೆಟ್ಟಿಲು ಎಲ್ಲ ಇರುತ್ತದೆ, ಹಾಗಾಗಿ ಚಕ್ರದ ಪೆಟ್ಟಿಗೆ ಬೇಡ. ಒಳಗೆ ಹೋಗುವುದು: ಎರಡು ಅಂಗಿ, ಒಂದು ಪ್ಯಾಂಟು, ಒಳಉಡುಪು, ತೆಳು ಮಳೆ ಜಾಕೆಟ್, 13 ಇಂಚಿನ ಲ್ಯಾಪ್‌ಟಾಪ್, ಚಾರ್ಜರ್, ಪವರ್ ಬ್ಯಾಂಕ್, ಸ್ನಾನದ ಸಾಮಾನು, ಅರ್ಧ ಲೀಟರ್ ನೀರು.

ಸದ್ಯಕ್ಕೆ ಕಣ್ಣಿಗೆ ಬಿದ್ದಿರುವುದು ಎರಡು. ಒಂದು 24 ಲೀಟರ್, 550 ಗ್ರಾಂ, ತೆಳು ನೈಲಾನ್, ಬೆನ್ನಿನ ಕಡೆ ಗಟ್ಟಿ ಹಾಳೆ ಏನೂ ಇಲ್ಲ. ಇನ್ನೊಂದು 32 ಲೀಟರ್, 1.3 ಕೆ.ಜಿ., ದಪ್ಪ ಸ್ಪಂಜಿನ ಹೆಗಲಪಟ್ಟಿ, ಸೊಂಟಪಟ್ಟಿಯೂ ಇದೆ. ಬ್ಯಾಗ್ ಹಗುರ ಇದ್ದಷ್ಟೂ ಆರಾಮ ಅನ್ನುವುದು ಸರಿಯಾ? ಬಟ್ಟೆ, ಜಿಪ್ ವಿಷಯದಲ್ಲಿ ಏನು ನೋಡಬೇಕು?

ಹೆಗಲಲೆಕ್ಕ:

ಮೊದಲು ಸಾಮಾನಿನ ತೂಕ ಕೂಡಿಸಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಲ್ಯಾಪ್‌ಟಾಪ್ ಸುಮಾರು 1,300 ಗ್ರಾಂ, ಚಾರ್ಜರ್ 250, ಪವರ್ ಬ್ಯಾಂಕ್ 200, ಅಂಗಿಗಳು 400, ಪ್ಯಾಂಟು 350 (ಜೀನ್ಸ್ ಆದರೆ 600 ದಾಟುತ್ತದೆ), ಒಳಉಡುಪು-ಕಾಲುಚೀಲ 250, ಜಾಕೆಟ್ 300, ಸ್ನಾನದ ಸಾಮಾನು 350, ಬಾಟಲಿ ಸಮೇತ ನೀರು 600. ಒಟ್ಟು 4 ಕೆ.ಜಿ. ಅಂದರೆ ಹೆಗಲ ಮೇಲೆ ಬೀಳುವುದು ಒಂದರಲ್ಲಿ 4.55, ಇನ್ನೊಂದರಲ್ಲಿ 5.3 ಕೆ.ಜಿ. ಆ 750 ಗ್ರಾಂ ಅಂದರೆ ಮುಕ್ಕಾಲು ಲೀಟರ್ ನೀರಿನ ತೂಕ. ಐದು ಗಂಟೆ ನಡೆದಾಗ ಅದು ಗೊತ್ತಾಗಿಯೇ ಆಗುತ್ತದೆ. ಹಾಗಂತ 550 ಗ್ರಾಂನದ್ದೇ ಆರಾಮ ಅಂತಲೂ ಅಲ್ಲ. ತೂಕ ಎಷ್ಟು ಅನ್ನುವುದರಷ್ಟೇ ಅದು ಬೆನ್ನಿನಿಂದ ಎಷ್ಟು ದೂರ ಕೂತಿದೆ ಅನ್ನುವುದೂ ಮುಖ್ಯ.

ಬ್ಯಾಗಿನ ಆಳ, ಅಂದರೆ ಬೆನ್ನಿನಿಂದ ಹೊರಕ್ಕೆ ಚಾಚುವ ಅಳತೆ, 15–17 ಸೆಂ.ಮೀ. ಇದ್ದರೆ ತೂಕ ಬೆನ್ನಿಗೆ ಅಂಟಿಕೊಂಡಿರುತ್ತದೆ. 22–24 ಸೆಂ.ಮೀ. ಆದರೆ ಅದೇ 4 ಕೆ.ಜಿ. ಹಿಂದಕ್ಕೆ ಎಳೆಯುತ್ತದೆ. ಆ ಎಳೆತ ಸರಿದೂಗಿಸಲು ಮೈ ಮುಂದಕ್ಕೆ ಬಾಗುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ. ಜನ ಹೆಗಲಪಟ್ಟಿಯನ್ನು ಬೈಯುತ್ತಾರೆ, ತಪ್ಪು ಹೆಚ್ಚಿನ ಸಲ ಆಳದ್ದು. ನಿಮ್ಮ 32 ಲೀಟರಿನದರಲ್ಲಿ ಇನ್ನೊಂದು ತೊಂದರೆ ಇದೆ: ಇಷ್ಟು ಸಾಮಾನಿಗೆ ಅದು ಪೂರ್ತಿ ತುಂಬುವುದಿಲ್ಲ. ಎಲ್ಲವೂ ತಳಕ್ಕೆ ಜಾರಿ ಕೆಳಗೆ ಹೊಟ್ಟೆ ಬರುತ್ತದೆ. ಪಕ್ಕದಲ್ಲಿ ಬಿಗಿಯುವ ಪಟ್ಟಿಗಳಿದ್ದರೆ ಸ್ವಲ್ಪ ಸುಧಾರಿಸಬಹುದು, ಅಷ್ಟೆ.

ಸೊಂಟಪಟ್ಟಿಯ ಆಸೆ ಬಿಡಿ. 7–8 ಕೆ.ಜಿ. ದಾಟಿದ ಮೇಲೆ ಅದರ ಬೆಲೆ ಗೊತ್ತಾಗುವುದು, ಅದೂ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂತರೆ. 45 ಸೆಂ.ಮೀ. ಎತ್ತರದ ನಗರದ ಬ್ಯಾಗಿನಲ್ಲಿ ಅದು ಬಹಳ ಸಲ ಹೊಟ್ಟೆಯ ಮೇಲೆ ಬರುತ್ತದೆ. ಅಲ್ಲಿ ಭಾರ ಹೊರುವ ಮೂಳೆಯೇ ಇಲ್ಲ.

550 ಗ್ರಾಂನದರ ದೋಷ ಬೇರೆ. ಗಟ್ಟಿ ಹಾಳೆ ಇಲ್ಲದ ಬ್ಯಾಗಿಗೆ ಸುರುಳಿ ಸುತ್ತಿದ ಬಟ್ಟೆ ತುಂಬಿದರೆ ಬೆನ್ನಿನ ಭಾಗ ಪೀಪಾಯಿಯಂತೆ ಉಬ್ಬಿ, ಬೆನ್ನುಮೂಳೆಯ ಒಂದೇ ಜಾಗಕ್ಕೆ ಒತ್ತುತ್ತದೆ. ಕೊಂಡರೂ ಲ್ಯಾಪ್‌ಟಾಪನ್ನು ಬೆನ್ನಿಗೆ ತಾಗಿಸಿ ಇಡಿ, ಬಟ್ಟೆಯನ್ನು ಸುತ್ತದೆ ಮಡಚಿ ಅದರ ಮುಂದೆ ಇಡಿ.

ನಿಮಗೆ ಹೊಂದುವುದು ಇವೆರಡರ ನಡುವಿನದು: 22–26 ಲೀಟರ್, 700–900 ಗ್ರಾಂ, ಬೆನ್ನಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಥವಾ ಬಿಗಿಯಾದ ಫೋಮ್. ಹೆಗಲಪಟ್ಟಿ ಮೇಲ್ಭಾಗದಲ್ಲಿ 6–7 ಸೆಂ.ಮೀ. ಅಗಲ, ಸುಮಾರು 1 ಸೆಂ.ಮೀ. ದಪ್ಪ, ಎದೆಯ ಹತ್ತಿರ ಸ್ವಲ್ಪ ಬಳುಕಿದ ಆಕಾರ. ಫೋಮನ್ನು ಎರಡು ಬೆರಳಿನ ನಡುವೆ ಹಿಂಡಿ ನೋಡಿ. ಬೆರಳಿಗೆ ಬೆರಳು ತಾಗುವಷ್ಟು ಮೆತ್ತಗಿದ್ದರೆ ಕೆಲವು ತಿಂಗಳಲ್ಲಿ ಚಪ್ಪಟೆಯಾಗುತ್ತದೆ, ಆಮೇಲೆ ಪಟ್ಟಿಯ ಅಂಚು ಹೆಗಲು ಕೊಯ್ಯುತ್ತದೆ. ಚಪ್ಪಲಿಯ ಅಟ್ಟೆಗೆ ಹಾಕುವ ಇ.ವಿ.ಎ. ಥರದ ಬಿಗಿ ಫೋಮ್ ಅಂಗಡಿಯಲ್ಲಿ ಸ್ವಲ್ಪ ಗಟ್ಟಿ ಅನಿಸಿದರೂ ಬಹುಕಾಲ ಹಾಗೇ ಇರುತ್ತದೆ.

ಸೂಜಿದಾರ:

ಮೇಲಿನವರು ಹೊರುವುದರ ಬಗ್ಗೆ ಹೇಳಿದ್ದಾರೆ, ನಾನು ಬಟ್ಟೆ-ಹೊಲಿಗೆಯ ಕಡೆ ಹೇಳುತ್ತೇನೆ.

ಡೆನಿಯರ್ ಅಂದರೆ 9,000 ಮೀಟರ್ ನೂಲಿನ ತೂಕ, ಗ್ರಾಂಗಳಲ್ಲಿ. ಸಂಖ್ಯೆ ಹೆಚ್ಚಾದಂತೆ ನೂಲು ದಪ್ಪ, ಬ್ಯಾಗ್ ಭಾರ. ಆದರೆ ನೂಲು ಯಾವುದು ಅಂತ ನೋಡದೆ ಬರೀ ಸಂಖ್ಯೆ ಹೋಲಿಸಬೇಡಿ. ಒಂದೇ ದಪ್ಪದಲ್ಲಿ ನೈಲಾನ್ ಉಜ್ಜಾಟವನ್ನು ಪಾಲಿಯೆಸ್ಟರ್‌ಗಿಂತ ಚೆನ್ನಾಗಿ ತಡೆಯುತ್ತದೆ. ಪಾಲಿಯೆಸ್ಟರ್ ಕಡಿಮೆ ನೀರು ಹೀರುತ್ತದೆ, ಬಿಸಿಲಿಗೂ ಹೆಚ್ಚು ಬಾಳುತ್ತದೆ. ನಿಮ್ಮ ಕೆಲಸಕ್ಕೆ ಮೈಗೆ 210 ಡೆನಿಯರ್ ನೈಲಾನ್, ತಳಕ್ಕೆ 420 ಅಥವಾ 500 ಇದ್ದರೆ ಧಾರಾಳ. ಬ್ಯಾಗ್ ನೆಲ ಕಾಣುವುದು ತಳದಿಂದ, ಸವೆಯುವುದೂ ತಳದ ಮೂಲೆಗಳಲ್ಲೇ. ಇಡೀ ಬ್ಯಾಗಿಗೆ 1,000 ಡೆನಿಯರ್ ಹಾಕಿಸಿಕೊಂಡು ನಗರದಲ್ಲಿ ತಿರುಗುವುದು ವ್ಯರ್ಥ ಹೊರೆ.

ಒಳಗಡೆಯ ಲೇಪನವನ್ನೂ ನೋಡಿ. ಹೆಚ್ಚಿನ ಬ್ಯಾಗುಗಳಿಗೆ ಪಾಲಿಯುರೆಥೇನ್ ಲೇಪನ ಇರುತ್ತದೆ. ತೇವದಲ್ಲಿ ಮಡಚಿಟ್ಟರೆ ವರ್ಷಗಳಲ್ಲಿ ಅದು ಅಂಟಂಟಾಗಿ, ಹೊಪ್ಪಳೆಯಾಗಿ ಉದುರುತ್ತದೆ, ಕಮಟು ವಾಸನೆಯೂ ಬರುತ್ತದೆ. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್, ನೆರಳಿನಲ್ಲಿ ಪೂರ್ತಿ ಒಣಗಿಸುವುದು. ಅಷ್ಟೇ ಸಾಕು.

ಲೇಪನ ಇದ್ದ ಮಾತ್ರಕ್ಕೆ ಮಳೆ ತಡೆಯುವುದಿಲ್ಲ. ನೀರು ನುಗ್ಗುವುದು ಹೊಲಿಗೆಯ ತೂತು ಮತ್ತು ಜಿಪ್ಪಿನಿಂದ. ಹೊರಗೆ ಹಾಕುವ ಮಳೆ ಹೊದಿಕೆ ಬೆನ್ನಿನ ಕಡೆ ತೆರೆದೇ ಇರುವುದರಿಂದ ಬೆನ್ನ ಮೇಲೆ ಹರಿದ ನೀರು ಒಳಗೆ ಇಳಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲವನ್ನು ಒಳಗೆ ಅಸ್ತರಿನಂತೆ ಇಟ್ಟು ಬಾಯಿ ತಿರುಚಿದರೆ ಹೊದಿಕೆಗಿಂತ ಹಗುರವೂ ಹೌದು, ಭದ್ರವೂ ಹೌದು.

ಜಿಪ್ಪು: ರನ್ನರಿನ ಹಿಂಭಾಗದಲ್ಲಿ 3, 5, 8, 10 ಅಂತ ಅಂಕೆ ಇರುತ್ತದೆ, ಮುಚ್ಚಿದ ಹಲ್ಲಿನ ಅಗಲ ಸುಮಾರು ಅಷ್ಟು ಮಿಲಿಮೀಟರ್. ಮುಖ್ಯ ಬಾಯಿಗೆ 5ಕ್ಕಿಂತ ಕಡಿಮೆ ಬೇಡ, 8 ಇದ್ದರೆ ನಿಶ್ಚಿಂತೆ. 3ನೇ ಸಂಖ್ಯೆಯದು ಒಳಜೇಬಿಗೆ ಮಾತ್ರ. ಜಿಪ್ ಕೆಟ್ಟಿತು ಅನ್ನುವಾಗ ಹಲ್ಲಲ್ಲ, ಸಾಮಾನ್ಯವಾಗಿ ರನ್ನರ್ ಸವೆದಿರುತ್ತದೆ. ಧೂಳು ಸೇರಿ ಅದರ ಬಾಯಿ ಸಡಿಲವಾಗಿ, ಎಳೆದ ಹಿಂದೆಯೇ ಹಲ್ಲು ಬಿಚ್ಚಿಕೊಳ್ಳುತ್ತದೆ. ಇಕ್ಕಳದಿಂದ ರನ್ನರಿನ ಹಿಂದಿನ ತುದಿಯನ್ನು ಎರಡೂ ಪಕ್ಕ ಒಂದೇ ಸಮ, ಮೆಲ್ಲಗೆ ಒತ್ತಿದರೆ ಪ್ರವಾಸ ಮುಗಿಯುವ ತನಕ ನಡೆಯುತ್ತದೆ. ಆಮೇಲೆ ಅದೇ ಸಂಖ್ಯೆಯ, ಅದೇ ಬಗೆಯ ಹೊಸ ರನ್ನರ್ ಹಾಕಿಸಿ.

ಕೊನೆಗೆ ಬ್ಯಾಗನ್ನು ಒಳಗು ಹೊರಗು ಮಾಡಿ ನೋಡಿ. ಬಟ್ಟೆಯ ಕತ್ತರಿಸಿದ ಅಂಚಿಗೆ ಟೇಪು ಸುತ್ತಿ ಹೊಲಿದಿರಬೇಕು, ಇಲ್ಲದಿದ್ದರೆ ನೂಲು ಬಿಡುತ್ತಾ ಹೋಗಿ ಹೊಲಿಗೆಯೇ ಕಳಚುತ್ತದೆ. ಹೆಗಲಪಟ್ಟಿ ಸೇರುವ ಜಾಗದಲ್ಲಿ ಒತ್ತೊತ್ತಾದ ಅಡ್ಡ ಹೊಲಿಗೆ, ಅಥವಾ ಚೌಕದೊಳಗೆ ಗುಣಾಕಾರ ಚಿಹ್ನೆಯ ಹೊಲಿಗೆ ಇರಬೇಕು. ಒಂದೇ ಸಾಲು ಹೊಲಿಗೆ ಇದ್ದರೆ ಅಲ್ಲೇ ಕೆಳಗಿಡಿ.

ಕಿಟಕಿಪಕ್ಕ:

ವಿಮಾನದಲ್ಲಿ ಹೋಗುವುದಿದ್ದರೆ ಲೀಟರಿಗಿಂತ ಅಳತೆ ಮುಖ್ಯ. ಸೀಟಿನ ಕೆಳಗಿನ ಚೀಲಕ್ಕೆ ಹಲವು ಕಂಪನಿಗಳು ಕೊಡುವ ಮಿತಿ 40×30×20 ಸೆಂ.ಮೀ., ಗುಣಿಸಿದರೆ ಸರಿಯಾಗಿ 24 ಲೀಟರ್. ಎಲ್ಲರದೂ ಒಂದೇ ಅಲ್ಲ, ಟಿಕೆಟಿನ ನಿಯಮ ನೋಡಿಯೇ ತುಂಬಿ. ಪವರ್ ಬ್ಯಾಂಕ್ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. 20,000 ಎಂ.ಎ.ಎಚ್. ಅಂದರೆ 74 ವ್ಯಾಟ್-ಅವರ್, ಸಾಮಾನ್ಯ ಮಿತಿ 100ರ ಒಳಗೇ ಬರುತ್ತದೆ. ಆದರೂ ಮೇಲಿನ ಜೇಬಿನಲ್ಲಿಡಿ, ಬಾಗಿಲಲ್ಲಿ ಬ್ಯಾಗ್ ಕಸಿದು ಲಗೇಜಿಗೆ ಕಳಿಸಿದರೆ ಅದನ್ನು ತಕ್ಷಣ ತೆಗೆದುಕೊಳ್ಳಬೇಕು.

ಮತ್ತೆ, ಸೂಟ್‌ಕೇಸಿನಂತೆ ಪೂರ್ತಿ ಬಿಚ್ಚಿಕೊಳ್ಳುವ ಬ್ಯಾಗನ್ನೇ ತಗೊಳ್ಳಿ. ಹುಡುಕಾಟ ತಪ್ಪುತ್ತದೆ.

ಸೂಜಿದಾರ:

ಕೊನೆಯ ಮಾತನ್ನು ಒಪ್ಪುವುದಿಲ್ಲ. ಪೂರ್ತಿ ಬಿಚ್ಚಲು ಮೂರು ಬದಿಯೂ ಜಿಪ್ ಸುತ್ತಬೇಕು. ತೂಕ ಹೆಚ್ಚುತ್ತದೆ, ಮೂಲೆ ತಿರುಗುವಲ್ಲಿ ಎಳೆತ ಬಿದ್ದು ಮೊದಲು ಕೆಡುವುದೂ ಅಲ್ಲೇ. ಸೀಟಿನಲ್ಲಿ ಕೂತು ಬಿಚ್ಚಿದರೆ ಸಾಮಾನೆಲ್ಲ ಮಡಿಲಿಗೆ. 24 ಲೀಟರಿಗೆ ಮೇಲಿನಿಂದ ಎರಡೂ ಪಕ್ಕ ಮೂರನೇ ಎರಡು ಭಾಗ ಇಳಿಯುವ ಜಿಪ್ ಸಾಕು. ಅದಕ್ಕಿಂತ ದೊಡ್ಡ ಬ್ಯಾಗಾದರೆ ನಿಮ್ಮ ಮಾತು ಸರಿ.

ದಾರಿಹೋಕ:

ಎಲ್ಲರಿಗೂ ಧನ್ಯವಾದ, 32 ಲೀಟರಿನದು ಕೈಬಿಟ್ಟೆ. ಒಂದೇ ಬ್ಯಾಗನ್ನು ಮನೆಯಲ್ಲಿ ಇಬ್ಬರು ಬಳಸುತ್ತೇವೆ, ಒಬ್ಬರ ಎತ್ತರ 155 ಸೆಂ.ಮೀ., ಇನ್ನೊಬ್ಬರದು 175. ಇಬ್ಬರಿಗೂ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ತಿಳಿಯುವುದು ಹೇಗೆ?

ಹೆಗಲಲೆಕ್ಕ:

ಒಟ್ಟು ಎತ್ತರವಲ್ಲ, ಬೆನ್ನಿನ ಉದ್ದ ಅಳೆಯಿರಿ. ತಲೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆ ಒಂದು ತುದಿ. ಕೈಗಳನ್ನು ಸೊಂಟದ ಮೂಳೆಯ ಮೇಲಂಚಿಗೆ ಇಟ್ಟಾಗ ಹಿಂದೆ ಹೆಬ್ಬೆರಳುಗಳು ಸೂಚಿಸುವ ಗೆರೆ ಇನ್ನೊಂದು ತುದಿ. ಟೇಪು ಬೆನ್ನಿನ ಬಾಗಿಗೆ ಅಂಟಿಕೊಂಡು ಇಳಿಯಲಿ. ಇಬ್ಬರಲ್ಲಿ ಚಿಕ್ಕ ಬೆನ್ನಿನವರ ಅಳತೆಗಿಂತ ಬ್ಯಾಗ್ ಉದ್ದವಾಗಿರಬಾರದು. ಉದ್ದದ ಬೆನ್ನಿಗೆ ಗಿಡ್ಡ ಬ್ಯಾಗ್ ನಡೆಯುತ್ತದೆ, ತಿರುಗುಮುರುಗಾದರೆ ಪ್ರತಿ ಹೆಜ್ಜೆಗೂ ತಳ ಹಿಂಭಾಗಕ್ಕೆ ಬಡಿಯುತ್ತದೆ.

ಖಾಲಿ ಬ್ಯಾಗ್ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ಲೀಟರಿನ ನಾಲ್ಕು ತುಂಬಿದ ಬಾಟಲಿ ಒಯ್ದು, ಸುತ್ತ ಬಟ್ಟೆ ತುರುಕಿ, 15–20 ನಿಮಿಷ ನಡೆಯಿರಿ, ಮೆಟ್ಟಿಲಿದ್ದರೆ ಹತ್ತಿಳಿಯಿರಿ. ಹಾಕುವಾಗ ಪಟ್ಟಿಗಳೆಲ್ಲ ಸಡಿಲ ಇರಲಿ, ಆಮೇಲೆ ಎರಡನ್ನೂ ಒಟ್ಟಿಗೆ ಕೆಳಕ್ಕೆ-ಹಿಂದಕ್ಕೆ ಎಳೆಯಿರಿ. ಪಟ್ಟಿ ಹೆಗಲನ್ನು ಸುತ್ತಿ ಕೂರಬೇಕು, ಮೇಲೆ ಬೆರಳು ತೂರುವಷ್ಟು ಸಂದು ಕಂಡರೆ ಬ್ಯಾಗ್ ಹೆಚ್ಚು ಮೇಲೇರಿದೆ. ಫೋಮ್ ಇರುವ ಭಾಗ ಕಂಕುಳಿಗಿಂತ ಮೂರು-ನಾಲ್ಕು ಬೆರಳು ಕೆಳಗೆ ಮುಗಿಯಬೇಕು. ಅದಕ್ಕೂ ಮೇಲೆ ಮುಗಿದರೆ ಬಕಲ್ ಚರ್ಮಕ್ಕೆ ಉಜ್ಜುತ್ತದೆ, 175ರವರಿಗೆ ಈ ತೊಂದರೆ ಹೆಚ್ಚು. 155ರವರಿಗೆ ಪಟ್ಟಿಗಳ ನಡುವಿನ ಅಂತರ ಅಗಲವಾಗಿ ಹೆಗಲಿನಿಂದ ಜಾರಬಹುದು. ಎದೆಪಟ್ಟಿಯನ್ನು ಕೊರಳೆಲುಬಿನಿಂದ ನಾಲ್ಕು ಬೆರಳು ಕೆಳಗೆ, ಜಾರದಷ್ಟು ಮಾತ್ರ ಬಿಗಿ ಮಾಡಿ. ಉಸಿರೆಳೆದಾಗ ಬಿಗಿ ಅನಿಸಿದರೆ ಒಂದು ಇಂಚು ಬಿಡಿ. ಅದನ್ನು ಮೇಲೆ ಕೆಳಗೆ ಸರಿಸಲು ಬರುವಂಥದ್ದನ್ನೇ ಆರಿಸಿ, ಇಬ್ಬರು ಬಳಸುವಾಗ ಅದೊಂದು ಇರಲೇಬೇಕು.

ಪಟ್ಟಿಯ ಗುರುತೂ ಹಾಕಿಕೊಳ್ಳಿ: ಇಬ್ಬರ ಅಳತೆಗೂ ಒಂದೊಂದು ಬಣ್ಣದ ದಾರದಲ್ಲಿ ಎರಡು ಟಾಕು ಹೊಲಿದರೆ ಪ್ರತಿ ಸಲ ಸರಿಮಾಡುವ ಕೆಲಸ ಇರುವುದಿಲ್ಲ. ನಡೆಯುವಾಗ ಪಟ್ಟಿ ತಾನಾಗಿ ಸಡಿಲವಾಗುತ್ತಿದ್ದರೆ ಬಕಲಿಗೆ ಅದು ತೀರ ನುಣುಪಾಗಿದೆ ಎಂದರ್ಥ, ಆ ಬ್ಯಾಗ್ ಬೇಡ.