ಮಳೆ ಹಿಡಿಯುವ ಮೊದಲು ಇಳಿಸಿಕೊಳ್ಳಲು ಒಳ್ಳೆಯ ಲೈವ್ ರೆಕಾರ್ಡಿಂಗ್ ಹೇಳಿ, ಜಾಝ್ ಆದರೂ ಸರಿ, ರಾಕ್ ಆದರೂ ಸರಿ

ಹೂಮಳೆ_ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದ ಮೇಲೆ ನಮ್ಮ ಕಡೆ ಗತಿ ಏನು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಒಂದು ಸಿಲ್ವರ್ ಮರ ತಂತಿ ಮೇಲೆ ಬಿದ್ದರೆ ಸಾಕು, ಮೂರು ದಿನ ಕರೆಂಟಿಲ್ಲ. ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಹೋದ ವರ್ಷ ಫೋನಲ್ಲಿ ಇದ್ದದ್ದು ಹನ್ನೊಂದೇ ಹಾಡು. ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದ್ದಕ್ಕೆ ನಮ್ಮ ಮನೆಯವಳು ಸ್ಪೀಕರ್ ತಗೊಂಡು ಹೋಗಿ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಳು, ನಾನು ಎರಡು ದಿನ ಹುಡುಕಿದೆ. ಈ ಸಲ ಮೊದಲೇ ತುಂಬಿಸಿಕೊಳ್ಳೋಣ ಅಂತ.

ಸ್ಟುಡಿಯೋದಲ್ಲಿ ಮಾಡಿದ್ದು ಬೇಡ. ಜನರ ಎದುರು ನುಡಿಸಿದ್ದೇ ಬೇಕು. ಈ ಹುಚ್ಚು ಹಿಡಿದದ್ದು 2003ರ ಏಪ್ರಿಲ್ 4ಕ್ಕೆ, ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ರಾಕ್ ಬ್ಯಾಂಡಿನವರು ಬಂದಾಗ. ಆಗ ನಾನು ಅಲ್ಲೇ ಕೆಲಸದಲ್ಲಿದ್ದೆ. ಮಳೆ ಸುರಿಯಿತು. ಮೊದಲು ತಲೆ ಮೇಲೆ ಪ್ಲಾಸ್ಟಿಕ್ ಹಿಡಿದುಕೊಂಡೆವು, ಆಮೇಲೆ ಒಳಗಿನ ಬನಿಯನ್ ಕೂಡ ನೆನೆದ ಮೇಲೆ ಇನ್ನೇನು ಅಂತ ಎಸೆದು ಕುಣಿದೆವು. ಯಾವ ಹಾಡು ಮೊದಲು, ಯಾವುದು ಆಮೇಲೆ, ಒಂದೂ ನೆನಪಿಲ್ಲ. ಆದರೆ ಅರವತ್ತು ಹತ್ತಿರವಾದ ಅವರ ಹಾಡುಗಾರ ಮಿಕ್ ಜಾಗರ್ ಒದ್ದೆ ಸ್ಟೇಜಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಿದ್ದು ಈಗಲೂ ಕಣ್ಣಲ್ಲಿದೆ. ಮಾರನೇ ದಿನ ಬೂತಿಂದ ಮನೆಗೆ ಫೋನ್ ಮಾಡಿ ಹೀಗೆ ಹೀಗೆ ಭಾರೀ ಮಳೆ ಅಂದರೆ, ಅಪ್ಪ ಕೇಳಿದ್ದು ಒಂದೇ ಮಾತು: "ಎಷ್ಟು ಸೆಂಟ್ ಆಯ್ತು?" ನಮ್ಮ ಕಡೆ ಮಳೆ ಅಳೆಯುವುದು ಸೆಂಟಿನಲ್ಲೇ, ನಮ್ಮ ತೋಟಕ್ಕೆ ಆ ವರ್ಷ ಇನ್ನೂ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದಿರಲಿಲ್ಲ.

ಈಗ ಮಗ ಹೇಳುತ್ತಾನೆ, ಲೈವ್ ಅಂದರೆ ಬರೀ ಗಲಾಟೆ, ತಪ್ಪು, ಚಪ್ಪಾಳೆ, ಸ್ಟುಡಿಯೋದ್ದೇ ಕ್ಲೀನ್ ಅಂತ. ಅವನಿಗೆ ಕೇಳಿಸಲಿಕ್ಕಾದರೂ ಹೇಳಿ: ಏನೋ ಕೆಟ್ಟುಹೋಗಿ, ಆದರೂ, ಅಥವಾ ಅದರಿಂದಲೇ, ಸಂಗೀತ ಎದ್ದು ಬಂದದ್ದು ಯಾವುದಿದೆ?

ಹಳೇ_ಕ್ಯಾಸೆಟ್

ನೀವು ಕೇಳಿದ್ದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಒಂದಿದೆ. ಜಾಝ್ ಪಿಯಾನೋ ನುಡಿಸುವ ಕೀತ್ ಜಾರೆಟ್, ಜರ್ಮನಿಯ ಕಲೋನ್ ಊರಿನ ಒಪೆರಾ ಹೌಸ್, 1975 ಜನವರಿ 24. ಒಬ್ಬರೇ, ಒಂದು ಪಿಯಾನೋ, ಮೊದಲೇ ಬರೆದಿಟ್ಟುಕೊಂಡದ್ದು ಏನೂ ಇಲ್ಲ, ಕೂತ ಮೇಲೆ ಕೈಗೆ ಬಂದದ್ದು.

ಕಾರ್ಯಕ್ರಮ ಇಟ್ಟವಳು ವೆರಾ ಬ್ರಾಂಡೆಸ್ ಅನ್ನುವ ಹುಡುಗಿ, ವಯಸ್ಸು ಹದಿನೆಂಟು. ಒಪೆರಾ ಮುಗಿದ ಮೇಲೆ ಜಾಗ ಸಿಗುವುದು, ಹಾಗಾಗಿ ಶುರುವಾಗುವುದೇ ರಾತ್ರಿ ಹನ್ನೊಂದೂವರೆಗೆ. ಜಾರೆಟ್‌ಗೆ ನಿದ್ದೆ ಇಲ್ಲ, ಬೆನ್ನು ನೋವು. ಬಂದು ನೋಡಿದರೆ ಕೇಳಿದ್ದ ದೊಡ್ಡ ಪಿಯಾನೋ ಇಲ್ಲ, ಅಭ್ಯಾಸಕ್ಕೆ ಇಟ್ಟಿದ್ದ ಚಿಕ್ಕದೊಂದನ್ನು ಸ್ಟೇಜಿಗೆ ತಂದು ನಿಲ್ಲಿಸಿದ್ದಾರೆ. ಶ್ರುತಿ ಇಲ್ಲ. ಮೇಲಿನ ಸ್ವರ ಒತ್ತಿದರೆ ತಗಡು ಬಡಿದ ಹಾಗೆ. ಕೆಳಗಿನದಕ್ಕೆ ಜೀವವೇ ಇಲ್ಲ. ಪೆಡಲೂ ಸರಿ ಇಲ್ಲ. ನಾನು ನುಡಿಸುವುದಿಲ್ಲ ಅಂದುಬಿಟ್ಟರು, ನ್ಯಾಯವೇ. ಆದರೆ 1,400 ಟಿಕೆಟ್ ಹೋಗಿಬಿಟ್ಟಿದೆ. ಆ ಹುಡುಗಿ ಬೇಡಿಕೊಂಡಳು, ಶ್ರುತಿ ಮಾಡುವವರು ಕೂತು ಆದಷ್ಟು ಸರಿ ಮಾಡಿದರು, ಕೊನೆಗೆ ಒಪ್ಪಿದರು.

ಈಗ ಮಗನಿಗೆ ಹೇಳಿ. ಮೇಲಿನ ಸ್ವರ ಕೆಟ್ಟದ್ದರಿಂದ ಅವರು ಹೆಚ್ಚಾಗಿ ನಡುವಿನ ಮನೆಗಳಲ್ಲೇ ಓಡಾಡುತ್ತಾರೆ. ಕೆಳಗೆ ದನಿ ಇಲ್ಲದ್ದರಿಂದ ಎಡಗೈ ಒಂದೇ ಸುತ್ತನ್ನು ಮತ್ತೆ ಮತ್ತೆ ಹೊಡೆಯುತ್ತದೆ, ಭತ್ತ ಕುಟ್ಟುವ ಹಾಗೆ. ಒಳ್ಳೆಯ ಪಿಯಾನೋ ಸಿಕ್ಕಿದ್ದರೆ ಆ ಎಡಗೈ ಹುಟ್ಟುತ್ತಿರಲಿಲ್ಲ. ಶುರುವಿನಲ್ಲೇ ಜನ ಸಣ್ಣಗೆ ನಗುವುದು ಕೇಳುತ್ತದೆ, ಯಾಕೆಂದರೆ ಮೊದಲ ಸ್ವರಗಳು ಆ ಒಪೆರಾ ಹೌಸಿನ ಗಂಟೆಯ ದನಿಯ ಹಾಗೇ ಇವೆ. ಒಬ್ಬರೇ ಕೂತು ನುಡಿಸಿದ ಜಾಝ್ ರೆಕಾರ್ಡುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ. ನಡುನಡುವೆ ಅವರು ಗೊಣಗುತ್ತಾರೆ, ನರಳುತ್ತಾರೆ. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮತ್ತೆ ಅಕ್ಕಿ ಡಬ್ಬ.

ಗೋಣಿಕೊಪ್ಪ_ಮೆಟಲ್

ಅಣ್ಣ, ಗುಡುಗು ಸಿಡಿಲಿನ ನಡುವೆ ಪಿಯಾನೋ ಹಾಕಿದರೆ ಕೇಳುವುದು ಯಾರಿಗೆ. ಹಂಚಿನ ಮೇಲೆ ಮಳೆ ಬೀಳುವ ಸದ್ದನ್ನು ಮೀರಬೇಕು ಅಂದರೆ ದ ಹೂ ಅನ್ನುವ ರಾಕ್ ಬ್ಯಾಂಡಿನ ಲೈವ್ ಅಟ್ ಲೀಡ್ಸ್. 1970 ಫೆಬ್ರವರಿ 14, ಇಂಗ್ಲೆಂಡಿನ ಲೀಡ್ಸ್ ಯೂನಿವರ್ಸಿಟಿಯ ಊಟದ ಹಾಲ್. ಹೌದು, ಊಟದ ಹಾಲ್! ಮೂರು ವಾದ್ಯ, ಒಂದು ಗಂಟಲು, ಅಷ್ಟೇ. ಟೇಪಲ್ಲಿ ಚಟಪಟ ಸದ್ದು ಬಂದಿತ್ತು. ರೆಕಾರ್ಡಿನ ಲೇಬಲ್ ಮೇಲೇ ಬರೆದುಬಿಟ್ಟರು, ಈ ಚಟಪಟ ಇರಲಿ, ಸರಿ ಮಾಡಲು ಹೋಗಬೇಡಿ ಅಂತ.

ಆಮೇಲೆ ಡೀಪ್ ಪರ್ಪಲ್ ಬ್ಯಾಂಡಿನ ಮೇಡ್ ಇನ್ ಜಪಾನ್. 1972 ಆಗಸ್ಟ್ 15, 16 ಒಸಾಕಾ, 17 ಟೋಕಿಯೋ. ಲೈವ್ ರೆಕಾರ್ಡ್ ಬೇಕು ಅಂತ ಅವರಿಗೇನೂ ಆಸೆ ಇರಲಿಲ್ಲ, ಜಪಾನಿನವರು ಕೇಳಿದರು ಅಂತ ಮಾಡಿದ್ದು. ಅದರಲ್ಲಿ 'ಸ್ಮೋಕ್ ಆನ್ ದ ವಾಟರ್' ಇದೆ, ಆ ಹಾಡು ಹುಟ್ಟಿದ್ದೇ ಹಾಳಾದ ಲೈವ್ ಕಾರ್ಯಕ್ರಮದಿಂದ. 1971 ಡಿಸೆಂಬರ್ 4ಕ್ಕೆ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಝಾಪ್ಪಾ ನುಡಿಸುತ್ತಿದ್ದಾಗ ಯಾರೋ ಒಬ್ಬ ಜನರ ನಡುವಿಂದ ಚಾವಣಿಗೆ ಬೆಂಕಿ ಬಾಣ ಹಾರಿಸಿದ, ಇಡೀ ಕೆಸಿನೋ ಸುಟ್ಟುಹೋಯಿತು. ಪರ್ಪಲ್‌ನವರು ಅಲ್ಲೇ ಇದ್ದರು, ಅವರ ರೆಕಾರ್ಡಿಂಗೂ ಅದೇ ಕಟ್ಟಡದಲ್ಲಿ ಆಗಬೇಕಿತ್ತು. ಕೆರೆಯ ಮೇಲೆ ಹೊಗೆ ಹರಡಿದ್ದನ್ನೇ ಹಾಡು ಮಾಡಿದರು.

ನಾನು ಎದುರಿಗೇ ಕೇಳಿದ್ದು? 2007 ಮಾರ್ಚ್ 17, ಐರನ್ ಮೇಡನ್ ಬ್ಯಾಂಡಿನದ್ದು, ಅದೇ ಅರಮನೆ ಮೈದಾನ. ಕಾಲೇಜಲ್ಲಿದ್ದೆ. ಮನೆಯಲ್ಲಿ ಮೈಸೂರಿಗೆ ಪರೀಕ್ಷೆ ಅರ್ಜಿ ಕೊಡಲು ಹೋಗುತ್ತೇನೆ ಅಂತ ಹೇಳಿ ಬಸ್ ಹತ್ತಿದ್ದು. ಮೂರು ದಿನ ಗಂಟಲು ಇರಲಿಲ್ಲ. ಅರ್ಜಿ ಕೊಡಲು ಹೋದವನಿಗೆ ಗಂಟಲು ಯಾಕೆ ಹೋಯಿತು ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ವಿರಾಜಪೇಟೆ_ಟೀಚರ್

ಮರೆವಿನ ಮೇಲೆ ಒಂದು ಹೇಳಲಾ? ಜಾಝ್ ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್, ಬರ್ಲಿನ್, 1960 ಫೆಬ್ರವರಿ 13. 'ಮ್ಯಾಕ್ ದ ನೈಫ್' ಹಾಡುವ ಮೊದಲೇ ಪದ ನೆನಪಿದ್ದರೆ ಸಾಕಪ್ಪ ಅನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಅರ್ಧಕ್ಕೆ ಬರುವಾಗ ಪದ ಹೋಯಿತು. ನಮ್ಮ ಮಕ್ಕಳು ಸ್ಟೇಜಿನ ಮೇಲೆ ಪದ್ಯ ಮರೆತರೆ ಮೈಕ್ ಬಿಟ್ಟು ಓಡುತ್ತವೆ. ಇವರು ನಿಲ್ಲಲೇ ಇಲ್ಲ. ಅಯ್ಯೋ ಪದ ಮರೆತೆನಲ್ಲಾ, ಹಾಡನ್ನು ಕೆಡಿಸುತ್ತಿದ್ದೇನಲ್ಲಾ ಅನ್ನುವುದನ್ನೇ ರಾಗಕ್ಕೆ ಕೂರಿಸಿ ಹಾಡಿಬಿಟ್ಟರು, ನಡುವೆ ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್‌ರ ಗೊಗ್ಗರು ದನಿಯನ್ನು ಬೇರೆ ಅಣಕಿಸಿದರು. ಅದಕ್ಕೇ ಗ್ರ್ಯಾಮಿ ಬಂತು. ಏಳನೇ ಕ್ಲಾಸಿಗೆ ಇದನ್ನು ಕೇಳಿಸಿದ್ದೇನೆ. ಇಂಗ್ಲಿಷ್ ಅರ್ಥವಾಗದಿದ್ದರೂ ಎಲ್ಲಿ ಮರೆತರು ಅಂತ ಮಕ್ಕಳು ಸರಿಯಾಗಿ ಹಿಡಿದರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳಲು ಪಿಯಾನೋದ ಬಿಲ್ ಎವನ್ಸ್ ಮತ್ತು ಅವರ ಮೂವರ ತಂಡ ಇರಲಿ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬು, 1961 ಜೂನ್ 25, ಭಾನುವಾರ. ನೆಲಮಾಳಿಗೆಯ ಚಿಕ್ಕ ಜಾಗ. ಜನ ಮಾತಾಡುತ್ತಾರೆ, ಲೋಟ ಟಣ್ ಅನ್ನುತ್ತದೆ, ಯಾರೋ ನಗುತ್ತಾರೆ, ಅವರು ಮೂವರು ತಮ್ಮ ಪಾಡಿಗೆ ನುಡಿಸುತ್ತಾರೆ. ಬೇಸ್ ನುಡಿಸಿದ ಸ್ಕಾಟ್ ಲಫಾರೋಗೆ ಇಪ್ಪತ್ತೈದು ವರ್ಷ. ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಅದು ಗೊತ್ತಾದ ಮೇಲೆ ಆ ನಗುವ ಹೆಂಗಸಿನ ಮೇಲೆ ಸುಮ್ನೆ ಸಿಟ್ಟು ಬರುತ್ತದೆ, ಪಾಪ, ಅವಳಿಗೇನು ಗೊತ್ತು.

ನಾಪೋಕ್ಲು_ತಕರಾರು

ಎಲ್ಲರೂ ಭಾವುಕರಾಗಿದ್ದೀರಿ, ಸ್ವಲ್ಪ ತಣ್ಣೀರು ಹಾಕುತ್ತೇನೆ. ಲೈವ್ ಅಂತ ಮಾರುವುದೆಲ್ಲಾ ಲೈವ್ ಅಲ್ಲ ಮಾರಾಯ್ರೇ. ಜಾಝ್ ಬ್ಯಾಂಡ್ ನಡೆಸುತ್ತಿದ್ದ ಡ್ಯೂಕ್ ಎಲಿಂಗ್ಟನ್‌ರ ನ್ಯೂಪೋರ್ಟ್ ಉತ್ಸವದ ರೆಕಾರ್ಡನ್ನೇ ತಗೊಳ್ಳಿ. 1956 ಜುಲೈ 7ರ ರಾತ್ರಿ ನುಡಿಸಿದ್ದು ನಿಜ. ಆದರೆ ಆಗ ಹೊರಟ ರೆಕಾರ್ಡಿನಲ್ಲಿ ತುಂಬಾ ಭಾಗ ಆಮೇಲೆ ಸ್ಟುಡಿಯೋದಲ್ಲಿ ನುಡಿಸಿ, ಮೇಲಿಂದ ಚಪ್ಪಾಳೆ ಅಂಟಿಸಿದ್ದು. ನಲವತ್ತು ವರ್ಷಕ್ಕೂ ಜಾಸ್ತಿ ಜನ ಅದನ್ನೇ ನಂಬಿ ಕೇಳಿದರು.

ಜನಪದ ಧಾಟಿಯ ಹಾಡುಗಾರ ಬಾಬ್ ಡಿಲನ್‌ದೂ ಒಂದು ಕಥೆ. 1966ರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದಕ್ಕೆ ಸಿಟ್ಟಾಗಿ ಒಬ್ಬ ಜನರ ನಡುವಿಂದ ಜೂಡಾಸ್, ಅಂದರೆ ದ್ರೋಹಿ, ಅಂತ ಬೈದನಲ್ಲ, ಆ ಟೇಪು ವರ್ಷಗಟ್ಟಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದ್ದು ಅಂತ ಕಳ್ಳತನದಲ್ಲಿ ಓಡಾಡಿತು. ಅದು ಆದದ್ದು ಮ್ಯಾಂಚೆಸ್ಟರಿನಲ್ಲಿ, ಮೇ 17ಕ್ಕೆ.

ಇನ್ನು ಎಲಿಂಗ್ಟನ್ ಕೇಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. 1999ರಲ್ಲಿ ಬಂದದ್ದನ್ನೇ ಹುಡುಕಿ ಇಳಿಸಿ. ಆ ರಾತ್ರಿ ಪಾಲ್ ಗೊನ್ಸಾಲ್ವೆಸ್ ಅನ್ನುವವರು ಸ್ಯಾಕ್ಸೊಫೋನ್ ಹಿಡಿದು ಎದ್ದು ನಿಂತು, ಒಂದೇ ಹಾಡಿನ ನಡುವೆ ಇಪ್ಪತ್ತೇಳು ಸುತ್ತು ನುಡಿಸಿದರು. ನಿಲ್ಲಿಸಲೇ ಇಲ್ಲ. ಒಬ್ಬ ಹೆಂಗಸು ಎದ್ದು ಕುಣಿದಳು, ಅವಳನ್ನು ನೋಡಿ ಜನ ಕುರ್ಚಿ ಬಿಟ್ಟು ಎದ್ದರು, ಗಲಾಟೆ ಆಗಿಬಿಡುತ್ತದೆ ಅಂತ ಉತ್ಸವದವರು ಹೆದರಿದರು, ಎಲಿಂಗ್ಟನ್ ಮಾತ್ರ ಪಿಯಾನೋದಿಂದಲೇ ಹೂಂ ಹೊಡೀ ಹೊಡೀ ಅಂತ ಕೂಗಿ ಹುರಿದುಂಬಿಸುತ್ತಾರೆ. ತಮಾಷೆ ಏನೆಂದರೆ ಗೊನ್ಸಾಲ್ವೆಸ್ ತಪ್ಪು ಮೈಕಿಗೆ ಊದಿಬಿಟ್ಟರು! ರೆಕಾರ್ಡ್ ಕಂಪನಿಯ ಮೈಕ್ ಬಿಟ್ಟು ಪಕ್ಕದ ರೇಡಿಯೋದವರದ್ದಕ್ಕೆ. ಹಾಗಾಗಿ ಹಳೇ ರೆಕಾರ್ಡಿನಲ್ಲಿ ಅವರು ಪಕ್ಕದ ಮನೆಯಲ್ಲಿ ಊದಿದ ಹಾಗೆ ಕೇಳುತ್ತಾರೆ. ರೇಡಿಯೋದ ಟೇಪು ಸಿಕ್ಕ ಮೇಲೆ ಎರಡನ್ನೂ ಜೋಡಿಸಿ 1999ರಲ್ಲಿ ಸರಿ ಮಾಡಿದರು. ದೊಡ್ಡ ಬ್ಯಾಂಡುಗಳ ಕಾಲ ಮುಗಿಯಿತು ಅಂತ ಮಾತಾಡುತ್ತಿದ್ದ ಹೊತ್ತಲ್ಲಿ ಆ ರಾತ್ರಿಯಾದ ಮೇಲೆ ಎಲಿಂಗ್ಟನ್ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದರು.

ನನಗೆ ಇದು ಅರ್ಥವಾಗುವುದು ಮದುವೆಯ ವಾಲಗದಿಂದ. ವಾಲಗದವರು ಒಂದು ಹಂತ ದಾಟಿದ ಮೇಲೆ ಯಾರಿಗೂ ಊಟದ ನೆನಪಿರುವುದಿಲ್ಲ, ಮೊಣಕಾಲು ನೋವು ಅಂತ ಬೆಳಗಿನಿಂದ ಕುರ್ಚಿ ಬಿಡದ ಅಜ್ಜಿಯೂ ಎದ್ದು ಎರಡು ಹೆಜ್ಜೆ ಹಾಕುತ್ತಾರೆ. ಊದುವವನಿಗೆ ಕುಣಿಯುವವರು ಕಂಡರೆ ಉಸಿರು ಹೆಚ್ಚುತ್ತದೆ. ವಿಡಿಯೋ ಮಾಡಿ ಮಾರನೇ ದಿನ ನೋಡಿದರೆ ಅರ್ಧ ಇರುವುದಿಲ್ಲ. ಹಾಗಾಗಿ ನಿಮ್ಮ ಮಗನ ಮಾತಲ್ಲೂ ಸ್ವಲ್ಪ ನಿಜ ಇದೆ ಅನ್ನಿ.

ಹಳೇ_ಕ್ಯಾಸೆಟ್

ವಾಲಗದ ಮಾತು ಒಪ್ಪಿದೆ. ದಸರಾದ್ದೂ ಒಂದು ಸೇರಿಸುತ್ತೇನೆ. ಮಡಿಕೇರಿಯಲ್ಲಿ ದಶಮಂಟಪದ ಮೆರವಣಿಗೆಯ ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತು ನೋಡಿದ್ದೀರಲ್ಲ, ಅರ್ಧ ಜನ ಹೋಗಿಯಾಗಿದೆ, ಉಳಿದವರು ಕಂಬಳಿ ಹೊದ್ದು ಅಂಗಡಿ ಮೆಟ್ಟಿಲ ಮೇಲೆ, ರಸ್ತೆ ತುಂಬ ಕಸ, ಆದರೂ ಒಂದು ಮಂಟಪ ಇನ್ನೂ ಬರುತ್ತಿರುತ್ತದೆ. ಗಿಟಾರಿನ ಜಿಮಿ ಹೆಂಡ್ರಿಕ್ಸ್ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಿದ್ದು ಸರಿಯಾಗಿ ಅಂಥ ಹೊತ್ತಲ್ಲೇ. ಭಾನುವಾರ ರಾತ್ರಿಗೆ ಮುಗಿಯಬೇಕಾದದ್ದು ಮಳೆ, ಕೆಸರು, ತಡ ಎಲ್ಲಾ ಸೇರಿ 1969 ಆಗಸ್ಟ್ 18ರ ಸೋಮವಾರ ಬೆಳಿಗ್ಗೆಗೆ ಬಂತು. ಲಕ್ಷಗಟ್ಟಲೆ ಬಂದಿದ್ದವರಲ್ಲಿ ಬಹುಪಾಲು ಮನೆ ದಾರಿ ಹಿಡಿದಿದ್ದರು. ಉಳಿದವರ ಎದುರು ಅವರು ತಮ್ಮ ದೇಶದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ಎಳೆದು, ಕಿರುಚಿಸಿ, ಬಾಂಬು ಬೀಳುವ ಹಾಗೆಲ್ಲಾ ನುಡಿಸಿದರು. ವಿಯೆಟ್ನಾಂ ಯುದ್ಧದ ಕಾಲ ಅದು.

ಹೂಮಳೆ_ಸೋಮವಾರಪೇಟೆ

ಅಬ್ಬಾ, ಒಂದೇ ಸಂಜೆಗೆ ಇಷ್ಟು. ನಮ್ಮವರದ್ದೂ ಏನಾದರೂ ಇದ್ದರೆ ಹೇಳಿ, ಎಲ್ಲಾ ಹೊರಗಿನದ್ದೇ ಆಯಿತು. ತಕರಾರು ಸರ್, 1999ರದ್ದು ಸಿಕ್ಕಿತು, ಇಳಿಯುತ್ತಿದೆ. ಮಗನಿಗೆ ಇಪ್ಪತ್ತೇಳು ಸುತ್ತಿನ ಕಥೆ ಹೇಳಿದೆ. ತಪ್ಪು ಮೈಕಿನ ಭಾಗಕ್ಕೆ ಮಾತ್ರ ನಕ್ಕ. ಅಷ್ಟಾದರೂ ಆಯ್ತಲ್ಲ.

ವಿರಾಜಪೇಟೆ_ಟೀಚರ್

ನಮ್ಮವರದ್ದು ಅಂದರೆ ಶಕ್ತಿ ಬ್ಯಾಂಡಿನ ಮೊದಲ ರೆಕಾರ್ಡೇ ಲೈವ್. 1975 ಜುಲೈ 5, ಅಮೆರಿಕದ ಒಂದು ಕಾಲೇಜಿನಲ್ಲಿ. ಜಾನ್ ಮೆಕ್‌ಲಾಫ್ಲಿನ್ ಆಗಷ್ಟೇ ಕಿವಿ ಹರಿಯುವ ಹಾಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ತಂಡ ಬಿಟ್ಟು ಬಂದವರು, ಇಲ್ಲಿ ಕರೆಂಟಿಲ್ಲದ ಗಿಟಾರ್ ಹಿಡಿದು ನೆಲದ ಮೇಲೆ ಕೂತರು. ಪಕ್ಕದಲ್ಲಿ ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿನಾಯಕರಾಮ್ ಘಟ. ಮೊದಲ ಹಾಡೇ ಹದಿನೆಂಟು ನಿಮಿಷ. ಘಟದ ಸದ್ದು ಚೆನ್ನಾಗಿ ಕೇಳಬೇಕಾದರೆ ಆ ಚಿಕ್ಕ ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕಿ.

ಕದ್ರಿ ಗೋಪಾಲನಾಥರನ್ನೂ ಮರೆಯಬೇಡಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು, ಅದೂ ತಕರಾರು ಅವರು ಹೇಳಿದ ಆ ರಾಯಲ್ ಆಲ್ಬರ್ಟ್ ಹಾಲಿನಲ್ಲೇ, ಇದು ಮಾತ್ರ ಸುಳ್ಳಲ್ಲ. ಗಮಕ ಬರುವ ಜಾಗದಲ್ಲಿ ಗೊನ್ಸಾಲ್ವೆಸ್ ಏನು ಮಾಡುತ್ತಾರೆ, ಇವರು ಏನು ಮಾಡುತ್ತಾರೆ ಅಂತ ಒಂದರ ಹಿಂದೆ ಒಂದು ಹಾಕಿ ಕೇಳಿ ನೋಡಿ. ಎರಡೂ ಒಂದೇ ವಾದ್ಯ ಅಂತ ಮಗ ನಂಬುವುದಿಲ್ಲ.

ಮತ್ತೆ ಒಂದು ಮಾತು. ನಿಮ್ಮ ಮನೆಯವರು ಮಾಡಿದ್ದು ಸರಿಯಾಗಿಯೇ ಇದೆ. ಆಟಿ ತಿಂಗಳಲ್ಲಿ ಸ್ಪೀಕರ್ ಹೊರಗಿಟ್ಟರೆ ಬೂಸಲು ಹಿಡಿಯುತ್ತದೆ, ನಮ್ಮದು ಹಾಗೇ ಹೋಯಿತು. ಕೇಳಿ ಆದ ಮೇಲೆ ಅಕ್ಕಿ ಡಬ್ಬಕ್ಕೇ ಹಾಕಿಡಿ.