ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ಕೆಲಸ ಹೇಗಿರುತ್ತದೆ? ಸೋಮವಾರ ಸೇರಬೇಕು

ಹೊಸಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಒಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ನನಗೆ ಸೇಲ್ಸ್ ಕೆಲಸ ಸಿಕ್ಕಿದೆ, ಬಟ್ಟೆ ವಿಭಾಗದಲ್ಲಿ. ಇಲ್ಲಿಯವರೆಗೆ ಮಾಡಿದ್ದು ಡೇಟಾ ಎಂಟ್ರಿ, ಕೂತು ಮಾಡುವ ಕೆಲಸ. ಇಂಟರ್‌ವ್ಯೂನಲ್ಲಿ ಕೇಳಿದ್ದು ಮೂರೇ ಪ್ರಶ್ನೆ: ಭಾನುವಾರ ಬರುತ್ತೀರಾ, ಇಡೀ ದಿನ ನಿಲ್ಲಲು ಆಗುತ್ತದಾ, ಜನರ ಜೊತೆ ಮಾತಾಡುತ್ತೀರಾ. ಮೂರಕ್ಕೂ ಹೂಂ ಅಂದುಬಿಟ್ಟೆ, ಈಗ ಭಯ ಶುರುವಾಗಿದೆ. ಹೊಸಬರನ್ನು ಕಂಡರೆ ನನಗೆ ಬಾಯಿ ಬರುವುದಿಲ್ಲ. ಅಂಗಡಿಗೆ ಹೋದಾಗ ಸೇಲ್ಸ್‌ನವರು ಸುಮ್ನೆ ನಿಂತಿರುವ ಹಾಗೆ ಕಾಣುತ್ತದೆ, ಆದರೆ ಅಷ್ಟೇ ಇರಲಾರದು ಅಲ್ವಾ? ಮಾಡಿದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಮಡಿಕೆ:
ಏಳು ವರ್ಷದಿಂದ ಬಟ್ಟೆ ವಿಭಾಗದಲ್ಲೇ ಇದ್ದೇನೆ. ನಿಂತಿರುವುದು ನಿಜ, ಸುಮ್ನೆ ಅಲ್ಲ. ದಿನದ ಅರ್ಧ ಭಾಗ ಹೋಗುವುದು ಮಡಿಸುವುದರಲ್ಲಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಂದೊಂದು ಶರ್ಟಿನ ಬೆನ್ನಿಗೂ ಹಲಗೆ ಇಟ್ಟು, ಎರಡೂ ತೋಳು ಹಿಂದಕ್ಕೆ ತಂದು, ಒಂದೇ ಅಗಲಕ್ಕೆ ಮಡಿಸಿ, ಚಿಕ್ಕ ಸೈಜ್ ಮೇಲೆ ದೊಡ್ಡದು ಕೆಳಗೆ ಬರುವ ಹಾಗೆ ಜೋಡಿಸುತ್ತೇವೆ. ಮೊದಲ ಗಿರಾಕಿ ಬಂದು ಎಲ್ಲಕ್ಕಿಂತ ಕೆಳಗಿನದನ್ನೇ ಎಳೆಯುತ್ತಾರೆ. ಮೊದಲ ತಿಂಗಳು ನನಗೆ ಇದರಿಂದ ಅಳು ಬರುತ್ತಿತ್ತು. ಆಮೇಲೆ ಟ್ರಯಲ್ ರೂಮ್. ಒಬ್ಬರು ಆರು ಬಟ್ಟೆ ಒಳಗೆ ಒಯ್ದು ಒಂದನ್ನು ತೆಗೆದುಕೊಂಡರೆ ಉಳಿದ ಐದು ನಿಮ್ಮ ಕೈಗೆ ಬರುತ್ತವೆ, ಗುಂಡಿ ಬಿಚ್ಚಿ, ಒಳಹೊರಗಾಗಿ. ಅದನ್ನು ಸರಿಮಾಡಿ ಬೇಗ ಅದರ ಜಾಗಕ್ಕೆ ಸೇರಿಸಬೇಕು. ಇಲ್ಲದಿದ್ದರೆ ಆ ಸೈಜ್ ಕೇಳಿಕೊಂಡು ಬಂದವರಿಗೆ ಇಲ್ಲ ಅಂದುಬಿಡುತ್ತೇವೆ, ಬಟ್ಟೆ ಟ್ರಯಲ್ ರೂಮಿನ ರಾಶಿಯಲ್ಲೇ ಬಿದ್ದಿರುತ್ತದೆ.

ಮಾತಿನ ಬಗ್ಗೆ ಹೆದರಬೇಡಿ. ಒಳಗೆ ಬರುತ್ತಿದ್ದ ಹಾಗೇ ಏನು ಬೇಕು ಅಂತ ಕೇಳಿದರೆ ಜನ ಸುಮ್ನೆ ನೋಡುತ್ತಿದ್ದೇವೆ ಅಂದುಬಿಡುತ್ತಾರೆ. ನಾನು ಒಂದು ನಗು ಕೊಟ್ಟು, ಪಕ್ಕದ ಟೇಬಲ್‌ನಲ್ಲಿ ಮಡಿಸುತ್ತಾ ಇರುತ್ತೇನೆ. ಕೈ ನೋಡಬೇಕು. ಬೆಲೆಯ ಚೀಟಿ ತಿರುಗಿಸಿ ವಾಪಸ್ ಇಟ್ಟವರಿಗೆ ಬೇರೆಯದು ತೋರಿಸಬೇಕು, ಹೊಲಿಗೆ ಎಳೆದು ನೋಡುವವರಿಗೆ ಬಟ್ಟೆಯ ವಿಷಯ ಹೇಳಬೇಕು. ಒಂದು ಸಲ ಒಬ್ಬರು ಅಮ್ಮನಿಗೆ ಸ್ವೆಟರ್ ಬೇಕು ಅಂತ ಬಂದರು, ಸೈಜ್ ಗೊತ್ತಿಲ್ಲ, ಕವರ್‌ನಲ್ಲಿ ಹಳೆಯ ಸ್ವೆಟರ್ ತಂದಿದ್ದರು, ಮೊಣಕೈ ಹತ್ತಿರ ಸವೆದು ಜಾಳಾಗಿತ್ತು. ಅದನ್ನು ಟೇಬಲ್ ಮೇಲೆ ಹರಡಿ, ಮೇಲೆ ಹೊಸದನ್ನು ಇಟ್ಟು, ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆಗೆ ತಾಳೆ ನೋಡಿದೆವು. ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಲ್‌ಗೆ ಸಮ ಇರುತ್ತದೆ, ಅಕ್ಷರ ನಂಬಿದರೆ ಆಗುವುದಿಲ್ಲ. ನಾಲ್ಕನೆಯದು ಸರಿ ಹೋಯಿತು. ಅವತ್ತು ನಾನು ಆಡಿದ್ದು ಹತ್ತು ಮಾತು ಇರಬಹುದು ಅಷ್ಟೇ.

ಕೌಂಟರ್4:
ನಾನು ಬಿಲ್ಲಿಂಗ್‌ನಲ್ಲಿ. ಜನ ಜಾಸ್ತಿ ಆದ ದಿನ ನಿಮ್ಮನ್ನೂ ಕ್ಯಾಶ್‌ಗೆ ಕೂರಿಸಬಹುದು, ಕೂರಿಸಬಹುದು ಅಂದೆ, ಅಲ್ಲೂ ನಿಲ್ಲುವುದೇ. ಹಾಗಾಗಿ ಈ ಕೆಲವು ವಿಷಯ ತಿಳಿದಿರಲಿ. ಡ್ರಾಯರ್ ತೆಗೆದುಕೊಳ್ಳುವಾಗ ಕೊಟ್ಟವರ ಎದುರಿಗೇ ಎಣಿಸಿ, ಆಮೇಲೆ ಎಣಿಸಿದರೆ ಲೆಕ್ಕಕ್ಕಿಲ್ಲ. ಗಿರಾಕಿ ಕೊಟ್ಟ ನೋಟನ್ನು ಚಿಲ್ಲರೆ ಕೊಡುವವರೆಗೂ ಡ್ರಾಯರ್ ಒಳಗೆ ಹಾಕಬೇಡಿ, ಕಣ್ಣಿಗೆ ಕಾಣುವ ಹಾಗೆ ಮೇಲೆ ಇಡಿ. ನಾನು ಇಷ್ಟು ಕೊಟ್ಟಿದ್ದೆ ಅನ್ನುವ ಜಗಳ ಅಲ್ಲೇ ಮುಗಿಯುತ್ತದೆ. ಸ್ಕ್ಯಾನರ್ ಓದದಿದ್ದರೆ ಬಾರ್‌ಕೋಡ್ ಕೆಳಗಿನ 13 ಅಂಕಿ ಒತ್ತಬೇಕು, ಒಂದು ಅಂಕಿ ತಪ್ಪಿದರೂ ಮೆಷಿನ್ ಒಪ್ಪುವುದಿಲ್ಲ, ಯಾಕೆಂದರೆ ಕೊನೆಯ ಅಂಕಿ ಮುಂಚಿನ 12 ಅಂಕಿಗಳ ಲೆಕ್ಕದಿಂದ ಬಂದದ್ದು. ಗಾಬರಿ ಬೇಡ, ನಿಧಾನವಾಗಿ ಮತ್ತೆ ಒತ್ತಿ.

ಇನ್ನೊಂದು ವಿಷಯ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಒಂದು ಸೇಲ್ ದಿನ ಆತುರದಲ್ಲಿ ಒಂದು ಕೋಟಿನ ಕಳ್ಳತನ ತಡೆಯುವ ಟ್ಯಾಗ್ ತೆಗೆಯದೆ ಬಿಟ್ಟೆ. ತೋಳಿನ ಒಳಗೆ ಸೇರಿಕೊಂಡಿತ್ತು. ಗೇಟಿನಲ್ಲಿ ಅಲಾರಂ ಕೂಗಿತು, ಎಲ್ಲರೂ ತಿರುಗಿ ನೋಡಿದರು. ಆ ಹಿರಿಯರು ಬಿಲ್ ಹಿಡಿದುಕೊಂಡು ನಿಂತಿದ್ದರು, ಕೈ ನಡುಗುತ್ತಿತ್ತು. ತಪ್ಪು ನನ್ನದು, ಅವಮಾನ ಅವರಿಗೆ. ಓಡಿ ಹೋಗಿ ಎಲ್ಲರಿಗೂ ಕೇಳುವ ಹಾಗೆ ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿ ಬಟ್ಟೆಯನ್ನೂ ಕವರ್‌ಗೆ ಹಾಕುವ ಮುಂಚೆ ತೋಳು, ಕಾಲರ್ ಎರಡನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ.

ಅಂದಹಾಗೆ, ಕ್ಯಾಶ್ ಕಡಿಮೆ ಬಂದರೆ ಯಾರು ಕಟ್ಟಬೇಕು ಅಂತ ಸೇರುವ ಮುಂಚೆಯೇ ಕೇಳಿಕೊಳ್ಳಿ. ಮೊದಲು ಇದ್ದ ಕಡೆ ನನ್ನ ಸಂಬಳದಲ್ಲೇ ಹಿಡಿದರು.

ನಾಲ್ಕುವರ್ಷ_ಸಾಕು:
ನಾನು ಬಿಟ್ಟವಳು. ಕೆಲಸ ಇಷ್ಟ ಇತ್ತು, ಕಾಲು ಬಿಡಲಿಲ್ಲ. ಕಾಲಿನ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತರೆ ಆ ಕೆಲಸ ನಿಲ್ಲುತ್ತದೆ, ರಕ್ತ ಕೆಳಗೇ ಉಳಿಯುತ್ತದೆ. ಹಾಗಾಗಿ ಓಡಾಟದ ದಿನಕ್ಕಿಂತ ಗಿರಾಕಿ ಇಲ್ಲದ ದಿನವೇ ಕಾಲು ಜಾಸ್ತಿ ನೋಯುತ್ತದೆ. ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಶೂ ಕೊಳ್ಳುವುದಾದರೆ ಸಂಜೆ ಕೊಳ್ಳಿ, ಅಷ್ಟು ಹೊತ್ತಿಗೆ ಪಾದ ಊದಿರುತ್ತದೆ, ಕೆಲಸದ ಅಳತೆ ಅದೇ. ರಾತ್ರಿ ಕಾಲನ್ನು ದಿಂಬಿನ ಮೇಲೆ ಇಡಿ. ನರ ಉಬ್ಬಿ ಕಂಡರೆ ನನ್ನ ಹಾಗೆ ಎರಡು ವರ್ಷ ಕಾಯಬೇಡಿ, ಡಾಕ್ಟರ್‌ಗೆ ತೋರಿಸಿ.

ಮತ್ತೆ ಕುರ್ಚಿ ಕೇಳುವುದಕ್ಕೆ ನಾಚಬೇಡಿ. ಇಂಗ್ಲೆಂಡಿನಲ್ಲಿ 1899ರಲ್ಲೇ ಅಂಗಡಿ ಕೆಲಸದ ಮೂವರು ಹೆಣ್ಣುಮಕ್ಕಳಿಗೆ ಒಂದಾದರೂ ಆಸನ ಇರಬೇಕು ಅಂತ ಕಾನೂನು ಬಂತು. ನಮ್ಮ ದೇಶದಲ್ಲಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿದವು. ಕೇರಳದಲ್ಲಿ ಅದು ಸುಮ್ನೆ ಬರಲಿಲ್ಲ, ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದರು. ನಾನಿದ್ದ ಕಡೆ ಗಿರಾಕಿ ಇಲ್ಲದಾಗಲೂ ರ‍್ಯಾಕಿಗೆ ಒರಗಿದರೆ ಬೈಯುತ್ತಿದ್ದರು. ಆ ಬೈಗುಳಕ್ಕಿಂತ, ನಾನು ಆಗ ತಿರುಗಿ ಕೇಳಲಿಲ್ಲವಲ್ಲ ಅನ್ನುವುದು ಈಗ ನೋಯಿಸುತ್ತದೆ.

ಹೊಸಹೆಜ್ಜೆ:
ಇಷ್ಟೊಂದು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಗಿರಾಕಿ ಎಲ್ಲರ ಎದುರು ಕೂಗಾಡಿದರೆ ಏನು ಮಾಡುವುದು? ಯಾರಾದರೂ ಕದಿಯುವುದು ಕಂಡರೆ?

ಫ್ಲೋರ್_ಇನ್‌ಚಾರ್ಜ್:
ಕದಿಯುವುದು ಕಂಡರೆ ಹಿಡಿಯಲು ಹೋಗಬೇಡಿ, ಮೈ ಮುಟ್ಟಬೇಡಿ, ಕಳ್ಳ ಅಂತ ಬಾಯಿ ಬಿಡಬೇಡಿ. ನಿಮ್ಮ ಕಣ್ಣು ತಪ್ಪಿರಬಹುದು. ಸೆಕ್ಯುರಿಟಿಗೆ ಹೇಳಿ, ಅಷ್ಟೇ. ಕೂಗಾಡುವವರು ಹೆಚ್ಚಾಗಿ ಎಕ್ಸ್‌ಚೇಂಜ್‌ಗೆ ಬಂದವರು. ಪೂರ್ತಿ ಹೇಳಲು ಬಿಡಿ, ಮಧ್ಯೆ ರೂಲ್ಸ್ ಹೇಳಬೇಡಿ. ಇನ್‌ಚಾರ್ಜ್ ಅವರನ್ನು ಕರೆಯುತ್ತೇನೆ ಅನ್ನಿ, ಕರೆಯಿರಿ. ನಿಮ್ಮನ್ನು ಬೈಯಲು ಬಿಟ್ಟು ದೂರದಿಂದ ನೋಡುವ ಇನ್‌ಚಾರ್ಜ್ ತನ್ನ ಕೆಲಸ ಮಾಡುತ್ತಿಲ್ಲ. ಭಾನುವಾರ ರಜೆ ಮರೆತುಬಿಡಿ, ಸೇಲ್ ದಿನಗಳಲ್ಲೂ ಅಷ್ಟೇ. ಮನೆಯ ಕಾರ್ಯಕ್ರಮ ಇದ್ದರೆ ತಿಂಗಳ ಮುಂಚೆಯೇ ಬರೆದು ಕೊಡಿ, ಶಿಫ್ಟ್ ಪಟ್ಟಿ ಬಂದ ಮೇಲೆ ಬದಲಿಸುವುದು ಕಷ್ಟ.

ಹೊಸಹೆಜ್ಜೆ:
ಸೇರಿ ಹತ್ತು ದಿನ ಆಯಿತು. ಮಡಿಸುವುದು ಕಲಿತೆ, ಕಾಲರ್ ಮಾತ್ರ ಇನ್ನೂ ಸೊಟ್ಟ ಬರುತ್ತದೆ. ಮಾತಿಗೆ ಅಷ್ಟು ಕಷ್ಟ ಆಗುತ್ತಿಲ್ಲ. ಒಂದೇ ಅನುಮಾನ, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ನಾಲ್ಕು ಹೆಜ್ಜೆ ಇಟ್ಟಾಗ ಎಡ ಹಿಮ್ಮಡಿಯಲ್ಲಿ ಚುಚ್ಚಿದ ಹಾಗೆ ನೋವು, ಆಮೇಲೆ ಕಡಿಮೆ ಆಗುತ್ತದೆ. ಇದು ಶೂದಾ?

ನಾಲ್ಕುವರ್ಷ_ಸಾಕು:
ಮೊದಲ ಹೆಜ್ಜೆಗೆ ಮಾತ್ರ ಚುಚ್ಚಿದರೆ ಅದು ಹೆಚ್ಚಾಗಿ ಹಿಮ್ಮಡಿಯಿಂದ ಬೆರಳಿನ ಕಡೆಗೆ ಅಂಗಾಲಿನ ಒಳಗೆ ಹಾದುಹೋಗುವ ಗಟ್ಟಿ ಪಟ್ಟಿಯಂಥ ಅಂಗಾಂಶದ ನೋವು. ಹಾಸಿಗೆಯಲ್ಲಿ ಇರುವಾಗಲೇ ಪಾದಕ್ಕೆ ಟವೆಲ್ ಹಾಕಿ ನಿಮ್ಮ ಕಡೆ ಎಳೆದು ಅರ್ಧ ನಿಮಿಷ ಹಿಡಿಯಿರಿ, ಮೂರು ಸಲ ಮಾಡಿ, ಆಮೇಲೆ ಕಾಲು ಕೆಳಗಿಡಿ. ಸಂಜೆ ಒಂದು ಚೆಂಡನ್ನು ಅಂಗಾಲಿನ ಕೆಳಗೆ ಉರುಳಿಸಿ. ಶೂ ಒಳಗಿನ ಮೆತ್ತೆ ಬೆರಳಿಂದ ಒತ್ತಿ ನೋಡಿ, ಒತ್ತಿದ ಜಾಗ ಮೇಲೆ ಬರದಿದ್ದರೆ ಬದಲಿಸಿ. ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಡಾಕ್ಟರ್‌ಗೆ ತೋರಿಸಿ. ಏನು ಹೇಳಿದರು ಅಂತ ಇಲ್ಲಿ ಬರೆಯಿರಿ.