'ಎಸ್ಟೇಟ್'ಗೆ ಏನನ್ನೋಣ? (ಕಾಫಿ ತೋಟ ಅಲ್ಲ)

ನಮಸ್ಕಾರ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಮಿಲ್ಟನ್ ಅಬ್ಬಾಸ್ ಅಂತ ಒಂದು ಹಳ್ಳಿ. ಅದರ ಚರಿತ್ರೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆಯೇ ಕೊಡಬೇಕು. 1752ರಲ್ಲಿ ಜೋಸೆಫ್ ಡೇಮರ್ (ಮುಂದೆ ಲಾರ್ಡ್ ಮಿಲ್ಟನ್) ಅಲ್ಲಿನ ಎಸ್ಟೇಟ್ ಕೊಂಡ. ಅವನ ಮನೆಯ ಪಕ್ಕದಲ್ಲೇ ಮಿಡಲ್‌ಟನ್ ಎಂಬ ಸಂತೆಯೂರು. ನೋಟಕ್ಕೆ ಅಡ್ಡ ಅಂತ ಊರನ್ನೇ ಕೆಡವಿಸಿ, ಕಣ್ಣಿಗೆ ಬೀಳದ ಕಣಿವೆಯಲ್ಲಿ 1780ರ ಹೊತ್ತಿಗೆ ಹೊಸ ಹಳ್ಳಿ ಕಟ್ಟಿಸಿದ. 'ಎಸ್ಟೇಟ್' ಅಂತಲೇ ಬಿಟ್ಟರೆ ನಮ್ಮವರಿಗೆ ಚಿಕ್ಕಮಗಳೂರೇ ನೆನಪಾಗೋದು. 'ಜಹಗೀರು' ಆಗಬಹುದಾ?

> 'ಜಹಗೀರು' ಆಗಬಹುದಾ?

ಆಗದು. ಜಹಗೀರು ದೊರೆ ಕೊಡುವುದು, ಕಿತ್ತುಕೊಳ್ಳುವುದೂ ಅವನೇ. ಈತ ದುಡ್ಡು ಕೊಟ್ಟು ಕೊಂಡವನು. ಸಾಲದ್ದಕ್ಕೆ ಪಾರಸಿ ಪದ: 'ಜಾ' ಅಂದರೆ ಜಾಗ, 'ಗೀರ್' ಅಂದರೆ ಹಿಡಿದಿರುವುದು. 'ಹಿಡಿ'ಯಿಂದ ಬಂದ 'ಹಿಡುವಳಿ' ನಮ್ಮಲ್ಲೇ ಇರುವಾಗ ಕಡ ಯಾಕೆ?

> 'ಹಿಡಿ'ಯಿಂದ ಬಂದ 'ಹಿಡುವಳಿ'

ಎರಡೆಕರೆ ಇದ್ದವನದ್ದೂ ಹಿಡುವಳಿಯೇ ಸ್ವಾಮಿ. ಊರಿಗೆ ಊರೇ ಒಬ್ಬನದು ಅನ್ನೋದು ಅದರಲ್ಲಿ ಎಲ್ಲಿದೆ? ಪಾರಸಿ ಬೇಡ ಅನ್ನುವವರು ಮೊದಲು 'ಜಮೀನು' ಬಿಟ್ಟು ನಾಲ್ಕು ಸಾಲು ಬರೆದು ತೋರಿಸಲಿ. ನಮ್ಮ ಕರಾವಳಿ ಕಡೆ ಧಣಿ, ಒಕ್ಕಲು, ಗೇಣಿ ಅಂದರೆ ಸಾಕು, ಪೂರ್ತಿ ಚಿತ್ರ ಕಣ್ಣಮುಂದೆ ಬರುತ್ತದೆ. ಗೇಣಿಯ ಗಡುವು ಮುಗಿದ ಹಾಗೆ ಒಂದೊಂದೇ ಮನೆ ಕೆಡವಿಸಿದನಲ್ಲ ಆ ಪುಣ್ಯಾತ್ಮ, ಅದಕ್ಕೆ 'ಒಕ್ಕಲೆಬ್ಬಿಸಿದ' ಅಂತ ಬರೆಯಿರಿ. ಅಷ್ಟು ಚೆನ್ನಾಗಿ ಹೊಂದುವ ಮಾತು ಇಂಗ್ಲಿಷಿನಲ್ಲೂ ಸಿಗಲಾರದು. ಹ್ಯಾರಿಸನ್ ಎಂಬ ವಕೀಲ ಮಾತ್ರ ಜಗ್ಗಲಿಲ್ಲ. ಕೊಳದ ತೂಬು ತೆಗೆಸಿ ಅವನ ಮನೆಗೆ ನೀರು ನುಗ್ಗಿಸಿದರು. ಆತ ಕೋರ್ಟಿಗೆ ಹೋಗಿ ಗೆದ್ದ! ಅಲ್ಲಿ 'ತೂಬು' ಅಂತಲೇ ಇರಲಿ, 'ಸ್ಲೂಸ್ ಗೇಟ್' ಗೀಟ್ ಬೇಡ. ಎಸ್ಟೇಟಿಗೆ 'ಧಣಿಯ ಜಮೀನು' ಸಾಕು.

> 'ಧಣಿಯ ಜಮೀನು' ಸಾಕು

ಒಂದು ಸಂಸ್ಕೃತ, ಒಂದು ಪಾರಸಿ. ಕನ್ನಡ ಅಂದರೆ ಆ 'ಯ' ಒಂದೇ. ನನ್ನದು ಮುಗಿಯಿತು.

ಇಬ್ಬರಿಗೂ ಥ್ಯಾಂಕ್ಸ್. 'ಧಣಿಯ ಜಮೀನು' ಹಾಕಿದೆ, 'ಒಕ್ಕಲೆಬ್ಬಿಸಿದ'ವೂ ಸೇರಿತು. ಜಗಳ ಆಮೇಲೆ ಆಡೋಣ, ಇನ್ನೊಂದು ಪದ ಬಾಕಿ ಇದೆ. ಹೊಸ ಹಳ್ಳಿಯ ಮನೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಬಿಳಿ ಗೋಡೆ, ಹುಲ್ಲಿನ ಮಾಡು. ಹೊರಗಿಂದ ಒಂದು ಮನೆ, ಒಳಗೆ ಎರಡು ಸಂಸಾರ. 'ಜೋಡಿಮನೆ' ಅನ್ನಲಾ, 'ವಠಾರ' ಅನ್ನಲಾ?